ತೋಪುಗಳೆಲ್ಲ ಕಡಲಿನ ಕಡೆಗೆ

ಜೂನ್ 18, ಮಂಗಳವಾರ. ಮಾಂಕ್ಟನ್

ಹದಿನೈದು ಮನೆಗಾಡಿಗಳೂ ಬಂದು ಸೇರಿವೆ. ಹಾಸಿಗೆ, ಒಲೆ, ಪಾಯಿಖಾನೆ ಎಲ್ಲವನ್ನೂ ಜೊತೆಗೇ ಎಳೆದುಕೊಂಡು ತಿರುಗುವ ಇಪ್ಪತ್ತೇಳು ಮಂದಿ ನಿವೃತ್ತರನ್ನು ಹತ್ತೊಂಬತ್ತು ದಿನ ಸಾಲು ತಪ್ಪದಂತೆ ಕೇಪ್ ಬ್ರೆಟನ್ನಿನ ಕಡಲ ಕೋಟೆಯವರೆಗೆ ಕರೆದೊಯ್ದು ವಾಪಸು ಬಿಡುವುದು ನನ್ನ ಕೆಲಸ. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಕೂತು ಸಾಸ್ಕಚೆವಾನಿನ ರೈಲುಗಳನ್ನು ಬಿಟ್ಟವನಿಗೆ, ತಡೆದವನಿಗೆ ಇದೇನು ದೊಡ್ಡದಲ್ಲ.

ಮೊದಲ ಸಭೆ ಐವತ್ತೈದು ನಿಮಿಷ ನಡೆಯಿತು. ನಾನು ಬರೆದ ಇಪ್ಪತ್ತನಾಲ್ಕು ಪುಟದ ಕೈಪಿಡಿಯನ್ನು ಎಲ್ಲರಿಗೂ ಹಂಚಿ, ಪೂರ್ತಿ ಓದಿ ಹೇಳಿದೆ. ನನ್ನ ಹೆಂಡತಿ ನೋರೀನ್ ಇದ್ದಿದ್ದರೆ ಎರಡು ಪುಟಕ್ಕೆ ಇಳಿಸು ಎಂದು ಕಾಡುತ್ತಿದ್ದಳು. ನಾನು ಓದಿ ಮುಗಿಸಿದ ಮೇಲೆ ಅವಳು ಎದ್ದು, "ಬೆಳಿಗ್ಗೆ ಏಳೂ ನಲವತ್ತಕ್ಕೆ ಹೊರಡೋದು, ಚಳಿ ಇರುತ್ತೆ, ಸ್ವೆಟರ್ ಹಾಕ್ಕೊಳ್ಳಿ" ಎನ್ನುತ್ತಿದ್ದಳು. ಜನ ಅಷ್ಟನ್ನು ಮಾತ್ರ ಬರೆದುಕೊಳ್ಳುತ್ತಿದ್ದರು.

ಅವಳು ಹೋದ ನವೆಂಬರಿನಲ್ಲಿ ತೀರಿಕೊಂಡಳು. ಪ್ರವಾಸ ನಡೆಸುವ ಕಂಪನಿಯ ನಿಯಮದ ಪ್ರಕಾರ ಸಾಲಿನ ಮುಂದಾಳುಗಳು ಗಂಡಹೆಂಡಿರೇ ಆಗಿರಬೇಕು. ನನಗೆ ಈ ಒಂದು ಪ್ರವಾಸಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಕೊನೆಯ ದಿನ ಸದಸ್ಯರು ನನ್ನ ಬಗ್ಗೆ ಬರೆದು, ಲಕೋಟೆ ಅಂಟಿಸಿ ಕೊಡುತ್ತಾರೆ. ಮುಂದಿನ ವರ್ಷದ ಕೆಲಸ ಅದರ ಮೇಲೆ ನಿಂತಿದೆ. ನನಗೆ ಆ ಕೆಲಸ ಬೇಕು. ಮೂಸ್ ಜಾದ ಮನೆಯಲ್ಲಿ ಬೇಸಿಗೆ ಪೂರ್ತಿ ಅವಳ ಟೊಮೇಟೊ ಗಿಡಗಳನ್ನು ನೋಡುತ್ತ ಕೂರುವುದು ನನ್ನಿಂದ ಆಗುವುದಿಲ್ಲ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆದಿದ್ದೇನೆ.

ಕಡತಗಳ ಪೆಟ್ಟಿಗೆಯನ್ನು ಅವಳ ಸೀಟಿನಲ್ಲಿ ಇಟ್ಟಿದ್ದೇನೆ. ಸೀಟಿಗೆ ಭಾರ ತಗುಲಿ ಬೆಲ್ಟು ಹಾಕಿರದಿದ್ದರೆ ಗಾಡಿ ಕುಂಯ್ಗುಡುತ್ತದೆ. ಹಾಗಾಗಿ ಪೆಟ್ಟಿಗೆಗೂ ಬೆಲ್ಟು ಹಾಕಿದ್ದೇನೆ.

ಜೂನ್ 19, ಬುಧವಾರ

ಹೊರಟದ್ದು 7.40ಕ್ಕೆ. ತಲುಪಿದ್ದು 1.15ಕ್ಕೆ. ಏಳನೇ ನಂಬರು ಎರಡು ನಿಮಿಷ ತಡ.

ಹೊರಡುವ ಮುನ್ನ ಪ್ರತಿ ಗಾಡಿಯವರೂ ಇಪ್ಪತ್ತೆರಡು ಅಂಶಗಳ ಪಟ್ಟಿ ಓದಿ ತಪಾಸಣೆ ಮಾಡಬೇಕೆಂಬುದು ನನ್ನ ನಿಯಮ. ಇಪ್ಪತ್ತೆರಡನೆಯದು: ಜೊತೆಗಾರರು ಒಳಗಿದ್ದಾರೆಯೇ? ನಮ್ಮ ಮೊದಲ ಪ್ರವಾಸದಲ್ಲಿ ನೋರೀನಳನ್ನು ಒಂದು ಪೆಟ್ರೋಲ್ ಬಂಕಿನಲ್ಲಿ ಬಿಟ್ಟು ಹೊರಟುಬಿಟ್ಟಿದ್ದೆ. ಹಿಂದೆ ಮಲಗಿದ್ದಾಳೆಂದುಕೊಂಡು ನಲವತ್ತು ಕಿಲೋಮೀಟರು ಅವಳೊಂದಿಗೆ ಮಾತಾಡುತ್ತಲೇ ಹೋಗಿದ್ದೆ. ಎದುರು ಮಾತು ಬಾರದ್ದರಿಂದ ನನ್ನ ವಾದವನ್ನು ಒಪ್ಪಿದಳೆಂದು ಖುಷಿಯಾಗಿತ್ತು.

ಈಗ ಇಪ್ಪತ್ತೆರಡನೆಯದು ನನಗೆ ಅನ್ವಯಿಸುವುದಿಲ್ಲ. ಇಪ್ಪತ್ತೊಂದಕ್ಕೆ ನಿಲ್ಲಿಸುತ್ತೇನೆ.

ಜೂನ್ 23, ಭಾನುವಾರ. ಪಿಕ್ಟೂ

ಬರೆಯಲು ಮನಸ್ಸಿಲ್ಲ. ಆದರೂ ದಾಖಲೆ ದಾಖಲೆಯೇ.

ಬೆಳಿಗ್ಗೆ ಪಟ್ಟಿಯನ್ನು ಗಟ್ಟಿಯಾಗಿ ಓದಿದೆ. ಕರೆಂಟ್ ತಂತಿ? ಆಯ್ತು. ನೀರಿನ ಪೈಪು? ಆಯ್ತು. ಕೊಳಚೆ ಪೈಪು? ಆಯ್ತು. ಮೆಟ್ಟಿಲು, ಆಂಟೆನಾ, ಚಾವಣಿಯ ಕಿಂಡಿ, ಎಲ್ಲ ಆಯ್ತು. ಸರಿಯಾಗಿ 7.40ಕ್ಕೆ ಹೊರಟೆ. ಏನೋ ಫಟ್ ಎಂದಿತು. ರಸ್ತೆಯಲ್ಲಿ ಕಲ್ಲಿರಬೇಕು ಎಂದುಕೊಂಡೆ. ಆಗ ಸಾಲಿನ ಕೊನೆಯಲ್ಲಿ ಬರುವ ಹದಿನೈದನೇ ನಂಬರಿನವನು, ನಮ್ಮ ಹಿಂಗಾವಲು ಗಾರ್ನೆಟ್ ಪೆನ್ನರ್, ವಾಕಿಟಾಕಿಯಲ್ಲಿ ಎಲ್ಲ ಗಾಡಿಗಳಿಗೂ ಕೇಳುವಂತೆ ಹೇಳಿದ:

"ಒಂದನೇ ನಂಬರು, ಒಂದನೇ ನಂಬರು, ನಿಮ್ಗೆ ಬಾಲ ಬಂದಿದೆ."

ಬಿಚ್ಚದೆ ಬಿಟ್ಟ ಮೂವತ್ತಡಿ ತಂತಿಯೂ ಅದರ ತುದಿಗೆ ನಾವು ತಂಗಿದ್ದ ಕ್ಯಾಂಪಿನ ಕರೆಂಟ್ ಕಂಬದ ಅರ್ಧ ಪೆಟ್ಟಿಗೆಯೂ ನನ್ನ ಹಿಂದೆ ಬರುತ್ತಿದ್ದವು. ಚಾನಲ್ಲಿನಲ್ಲಿ ಯಾರೋ ನಕ್ಕರು. ನಂತರ ಎಲ್ಲರೂ ನಕ್ಕರು. ಇದೇ ವಿಷಯದ ಬಗ್ಗೆ ನಾನು ಐದು ದಿನದಿಂದ ದಿನಕ್ಕೊಂದು ಸಲ ಉಪದೇಶ ಮಾಡಿದ್ದೇನೆ.

ತಪ್ಪು ಎಲ್ಲಾಯಿತೆಂದು ದಿನವಿಡೀ ಯೋಚಿಸಿದೆ. ಪಟ್ಟಿಯಲ್ಲಿ ತಪ್ಪಿಲ್ಲ. ಓದಿದ್ದರಲ್ಲೂ ತಪ್ಪಿಲ್ಲ. ಹದಿನೇಳು ವರ್ಷ ಹೀಗೇ ಓದಿದ್ದೇನೆ. ಬಗ್ಗಿ ನೋಡಿ "ಆಯ್ತು" ಎನ್ನುತ್ತಿದ್ದವಳು ಮಾತ್ರ ನೋರೀನ್.

ಜೂನ್ 24, ಸೋಮವಾರ

ಮಳೆ. ತಂತಿ ಹೊಸದು ಹಾಕಿಸಿದೆ. ಯಾರೊಂದಿಗೂ ಮಾತಿಲ್ಲ.

ಜೂನ್ 27, ಗುರುವಾರ. ಬ್ಯಾಡೆಕ್

ಶಿಸ್ತು ಸಡಿಲವಾಗುತ್ತಿದೆ. ಏಳನೇ ನಂಬರಿನ ಹೆಂಗಸು, ಹೆಸರು ಯೂನಿಸ್ ಬಾರ್ಟ್ಲೆಟ್, ಒಂಟಾರಿಯೋದಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದ ವಿಧವೆ. ಚಿಕ್ಕ ವ್ಯಾನಿನಲ್ಲಿ ಒಬ್ಬಳೇ ಬಂದಿದ್ದಾಳೆ. ಮೂರು ದಿನದಿಂದ ಬೆಳಿಗ್ಗೆ ಏಳಕ್ಕೆ ನನ್ನ ಕರೆಂಟ್ ಕಂಬದ ಪಕ್ಕ ನಿಂತು ಕಾಫಿ ಕುಡಿಯುತ್ತಾಳೆ. ಇವತ್ತು ಕೇಳಿಯೇ ಬಿಟ್ಟೆ.

"ನಿಮ್ಮ ಜಾಗ ಆ ತುದೀಲಿದೆಯಲ್ಲ?"

"ಅಲ್ಲಿ ಗಾಳಿ ಜಾಸ್ತಿ ಲೈಲ್ ಅವ್ರೇ. ಕಾಫಿ ಆರೋಗುತ್ತೆ."

"ಲೋಟಕ್ಕೆ ಮುಚ್ಚಳ ಇದೆಯಲ್ಲ?"

"ಮುಚ್ಚಳ ಇದ್ರೂ ಬೇಜಾರಾಗುತ್ತೆ" ಎಂದಳು. ಕಣ್ಣು ನನ್ನ ಮೇಲಿರಲಿಲ್ಲ, ತಂತಿಯ ಮೇಲಿತ್ತು. ನನ್ನ ಅವಮಾನವನ್ನು ದಿನಾ ಬಂದು ನೋಡಿಹೋಗುವುದರಲ್ಲಿ ಜನಕ್ಕೆ ಏನು ಸುಖವೋ.

ಗಾರ್ನೆಟ್ ಕೂಡ ಹಾಗೆಯೇ. ನಾನು ಹೊರಡುವ ಹೊತ್ತಿಗೆ ಸರಿಯಾಗಿ ಅವನ ನಾಯಿಗೆ ನನ್ನ ಕೊಳಚೆ ಪೈಪಿನ ಹತ್ತಿರವೇ ತಿರುಗಾಡಬೇಕು. ಅವನ ಹೆಂಡತಿ ವಿಲ್ಮಾ ಸಂಜೆಯಾದರೆ ಒಂದು ಪಾತ್ರೆ ಸೂಪು ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಾಳೆ. ನಾನು ಕೇಳಿಲ್ಲ. ಫ್ರಿಜ್ಜಿನಲ್ಲಿ ಐದು ಡಬ್ಬಿ ಸೂಪಿದೆ. ಎರಡನ್ನು ಖಾಲಿ ಮಾಡಿದೆ.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ವಿಲ್ಮಾಳ ಮೇಜಿನ ಸುತ್ತ ಆರೇಳು ಮಂದಿ ಒಂದು ಕಾಗದದ ಮೇಲೆ ಬಗ್ಗಿದ್ದರು. ನಾನು ಹೋದ ಕೂಡಲೇ ಕಾಗದ ಸಕ್ಕರೆ ಡಬ್ಬಿಯ ಕೆಳಗೆ ಹೋಯಿತು.

"ಏನದು?"

"ಕಸೂತಿ ಮಾದರಿ" ಎಂದಳು ವಿಲ್ಮಾ.

ಗಾರ್ನೆಟ್ ಕೈಯಲ್ಲಿ ಪೆನ್ನಿತ್ತು. ಗಾರ್ನೆಟ್ ಕಸೂತಿ ಹಾಕುತ್ತಾನೆಂದು ನಾನು ನಂಬಬೇಕಂತೆ.

ಜೂನ್ 30, ಭಾನುವಾರ

ಈಗ ಸಂಶಯವಿಲ್ಲ. ವಿಲ್ಮಾಳ ಮೇಜಿನ ಆ ಕಾಗದ ಕಂಪನಿಗೆ ಬರೆಯುತ್ತಿರುವ ದೂರು. ಎಲ್ಲರ ಹೆಸರೂ ಅದರಲ್ಲಿದೆ, ಕಿಟಕಿಯಿಂದ ಕಂಡಿತು. ಪ್ರವಾಸ ಮುಗಿಯುವವರೆಗೂ ಕಾಯುವ ತಾಳ್ಮೆ ಇಲ್ಲ ಇವರಿಗೆ.

ಅವರದು ತಲುಪುವ ಮೊದಲೇ ನನ್ನದು ತಲುಪಬೇಕು. ಆರು ಪುಟದ ಪತ್ರ ಬರೆದು ಕ್ಯಾಂಪಿನ ಕಛೇರಿಯಿಂದ ಕಂಪನಿಗೆ ಇ-ಮೇಲ್ ಮಾಡಿದೆ. ಮೊದಲ ಮೂರು ಪುಟ ಸದಸ್ಯರ ಅಶಿಸ್ತಿನ ಬಗ್ಗೆ, ದಿನಾಂಕ ಸಮೇತ. ಪಿಕ್ಟೂವಿನ ಘಟನೆಯನ್ನು ಅವರು ತಿರುಚಿ ಬರೆಯುತ್ತಾರೆ ಎಂಬ ಕಾರಣಕ್ಕೆ, ನಾಲ್ಕನೇ ಪುಟದಲ್ಲಿ ನಾನೇ ಇದ್ದದ್ದು ಇದ್ದ ಹಾಗೆ, ಕಂಬದ ಪೆಟ್ಟಿಗೆಯ ಅಳತೆಯೊಂದಿಗೆ, ನಕ್ಷೆ ಬರೆದು ವಿವರಿಸಿದೆ. ಉಳಿದದ್ದು ಸಮರ್ಥನೆ.

ಒಳ್ಳೆಯ ಪತ್ರ. ಎರಡು ಸಲ ಓದಿದೆ. ಬಹಳ ದಿನಕ್ಕೆ ಮನಸ್ಸು ಹಗುರಾಯಿತು.

ಜುಲೈ 2, ಮಂಗಳವಾರ. ಕೋಟೆ

ಮಂಜು ಎಷ್ಟಿತ್ತೆಂದರೆ ಕೋಟೆಯವರ ಬಸ್ಸಿನಿಂದ ಇಳಿದಾಗ ಕೋಟೆಯ ಬಾಗಿಲೇ ಮೊದಲು ಕಾಣಲಿಲ್ಲ, ಕಾವಲಿನ ಸಿಪಾಯಿಯ ಧ್ವನಿ ಕೇಳಿಸಿತು. ನೀಲಿ ಕೋಟು, ಮೊಣಕಾಲವರೆಗೆ ಬಿಳಿ ಕಾಲುಪಟ್ಟಿ, ಕೈಯಲ್ಲಿ ಕೋವಿ. ಇನ್ನೂರ ಎಂಬತ್ತು ವರ್ಷ ಹಿಂದಿನ ಫ್ರೆಂಚ್ ಸಿಪಾಯಿಯ ವೇಷದ ಸ್ಥಳೀಯ ಹುಡುಗಿ. ನಾವು ಇಂಗ್ಲಿಷರ ಗೂಢಚಾರರೋ ಎಂದು ಕೇಳಿದಳು. ಗಾರ್ನೆಟ್ ಕೂಡಲೇ ನನ್ನ ಕಡೆ ಕೈ ತೋರಿಸಿ, "ಇವ್ನೊಬ್ಬ ಇದಾನೆ ನೋಡಮ್ಮ, ದಿನಾ ಏನೇನೋ ಬರ್ಕೊತಾನೆ" ಎಂದ. ಹಾಸ್ಯದ ಸೋಗಿನಲ್ಲಿ ಜನ ಮನಸ್ಸಿನಲ್ಲಿರುವುದನ್ನೇ ಹೇಳುತ್ತಾರೆ.

ನನ್ನ ವೇಳಾಪಟ್ಟಿಯಲ್ಲಿ ಬೇಕರಿಗೆ ಒಂಬತ್ತು ನಿಮಿಷ, ಸೈನಿಕರ ವಸತಿಗೆ ಹನ್ನೆರಡು, ಎಂಜಿನಿಯರನ ಮನೆಗೆ ಹದಿನಾಲ್ಕು. ಬೇಕರಿಯಲ್ಲಿಯೇ ಎಲ್ಲ ಕೆಟ್ಟಿತು. ಸಿಪಾಯಿಗಳ ಕಪ್ಪು ರೊಟ್ಟಿ ಕೊಳ್ಳಲು ಇಪ್ಪತ್ತೇಳು ಜನವೂ ಸಾಲು ನಿಂತರು. ಇಟ್ಟಿಗೆಯಷ್ಟು ಭಾರದ ಆ ರೊಟ್ಟಿಗೆ ಇಷ್ಟು ಆಸೆಯೇ.

ಕಡಲ ಬದಿಯ ಗೋಡೆಯ ಮೇಲೆ ಫಿರಂಗಿ ತೋಪುಗಳನ್ನು ತೋರಿಸುತ್ತಿದ್ದ ಮುದುಕ (ವೇಷ ಕಳಚಿದರೆ ನಳ್ಳಿ ಹಿಡಿಯುವ ಬೆಸ್ತನಂತೆ) ಹೇಳಿದ: "ನೋಡಿ ಸ್ವಾಮಿ, ತೋಪೆಲ್ಲ ಕಡಲ ಕಡೆ. ಹಡಗು ಬಂದ್ರೆ ಹಾರಿಸೋಣ ಅಂತ ಕಾಯ್ಕೊಂಡು ಕೂತ್ರು. ಬಂದೋರು ಬೆನ್ನ ಹಿಂದಿನ ಜೌಗಿನ ಕಡೆಯಿಂದ ಬಂದ್ರು. ಒಂದ್ಸಲ ಅಲ್ಲ, ಎರಡ್ಸಲ."

ಈ ಪಾಠ ನನ್ನ ಮನಸ್ಸಿಗೆ ನಾಟಿತು. ಕೈಪಿಡಿಯಲ್ಲಿ ರಸ್ತೆ, ಮಳೆ, ಟೈರು, ಬ್ರೇಕುಗಳ ಬಗ್ಗೆ ಎಲ್ಲ ಬರೆದಿದ್ದೇನೆ, ಬೆನ್ನ ಹಿಂದಿನ ಹದಿನೈದನೇ ನಂಬರಿನ ಬಗ್ಗೆ ಒಂದು ಸಾಲೂ ಇಲ್ಲ. ಸದ್ಯ, ಪತ್ರ ಹೋಗಿಯಾಗಿದೆ.

ಎಂಜಿನಿಯರನ ಮನೆಯಲ್ಲಿ ನನಗೆ ಬಹಳ ಸಂತೋಷವಾಯಿತು. ಗೆದ್ದ ಇಂಗ್ಲಿಷರು ಬುಡದವರೆಗೆ ಒಡೆದುಹಾಕಿದ್ದ ಊರಿನ ಐದರಲ್ಲೊಂದು ಪಾಲನ್ನು ಮತ್ತೆ ಕಟ್ಟಿದ್ದಾರೆ. ಹೇಗೆ ಗೊತ್ತಾಯಿತು ಎಂದರೆ, ಆಗಿನ ಗುಮಾಸ್ತರು ಪ್ರತಿ ಬಾಗಿಲಿನ ಮೊಳೆ, ತಿರುಗಣಿ, ಚಿಲಕವನ್ನೂ ಬರೆದಿಟ್ಟಿದ್ದರಂತೆ. ಬರೆದಿಡುವವರನ್ನು ನೋಡಿ ನಗುವವರಿಗೆ ಇದನ್ನು ತೋರಿಸಬೇಕೆಂದು ನಾನು ತಿರುಗಿದೆ. ಅಷ್ಟರಲ್ಲಿ ಯೂನಿಸ್ ಬಾರ್ಟ್ಲೆಟ್ ಮನೆ ತೋರಿಸುತ್ತಿದ್ದ, ಹಳೆಗಾಲದ ಲಂಗ ತೊಟ್ಟ ಹೆಂಗಸನ್ನು ಕೇಳಿದಳು: "ಈ ಮನೆಯಾಕೆ ಹೆಸ್ರೇನಿತ್ತು?"

"ಅದು ಗೊತ್ತಿಲ್ಲಮ್ಮ. ಈ ಬಾಗಿಲಿಗೆ ನಾಲ್ಕು ತಿರುಗಣಿ ಅಂತ ಬರ್ದವ್ರೆ. ಆಕೆ ಬಗ್ಗೆ 'ಎಂಜಿನಿಯರನ ಹೆಂಡತಿ, ಹಾಜರು' ಅಂತಷ್ಟೇ."

ನಾನು ತಿರುಗಣಿ ಎಣಿಸಿದೆ. ನಾಲ್ಕೇ ಇದ್ದವು.

ಮಧ್ಯಾಹ್ನ ಬೀದಿಯಲ್ಲಿ ತಮ್ಮಟೆ ಕೇಳಿಸಿತು. ಇಲ್ಲಿ ದಿನಕ್ಕೊಂದು ಸಲ ಬಂದವರಲ್ಲೇ ಒಬ್ಬರನ್ನು ಕಳ್ಳನೆಂದು ಹಿಡಿದು ಮೆರವಣಿಗೆ ಮಾಡುವ ಆಟವಿದೆಯಂತೆ. ಇಬ್ಬರು ಸಿಪಾಯಿಗಳು ನೇರವಾಗಿ ನನ್ನ ಕಡೆಗೇ ಬಂದರು. ಯಾರು ಹೆಸರು ಕೊಟ್ಟಿದ್ದರೋ ಹೇಳಬೇಕಾಗಿಲ್ಲ. ಕೊರಳಿಗೆ ಫ್ರೆಂಚಿನಲ್ಲಿ ಬರೆದ ಹಲಗೆ ಹಾಕಿ, ತಮ್ಮಟೆ ಬಡಿಯುತ್ತ ಹಡಗುಕಟ್ಟೆಯವರೆಗೆ ನಡೆಸಿದರು. ನನ್ನ ಇಪ್ಪತ್ತೇಳೂ ಜನ ಚಪ್ಪಾಳೆ ತಟ್ಟುತ್ತ ಹಿಂದೆ ಬಂದರು. ಕಿವಿ ಬಿಸಿಯಾಗಿತ್ತು. ಅಷ್ಟು ಜನ ನನ್ನ ಹಿಂದೆ ಇಷ್ಟು ನೀಟಾಗಿ ಸಾಲಿನಲ್ಲಿ ಬಂದದ್ದು ಇದೇ ಮೊದಲು ಎಂಬುದನ್ನೂ ಗಮನಿಸಿದೆ.

"ಏನು ಬರೆದಿದೆ ಇದರಲ್ಲಿ?" ಎಂದು ಹಲಗೆ ತೆಗೆಯುವಾಗ ಕೇಳಿದೆ.

ಯೂನಿಸ್ ಓದಿದಳು. "'ಊಟಕ್ಕೆ ಇಪ್ಪತ್ತು ನಿಮಿಷ ಮಾತ್ರ ಕೊಟ್ಟವನು.' ಬನ್ನಿ, ಲೈಲ್ ಅವ್ರೇ. ಶಿಕ್ಷೆ ಮುಗೀತು. ಈಗ ಊಟ."

ಊಟ ಒಂದೂವರೆ ಗಂಟೆ ನಡೆಯಿತು. ಬಟಾಣಿ ಸಾರು ಚೆನ್ನಾಗಿತ್ತು.

ಸಂಜೆ ಗಾಡಿಗೆ ಬಂದು ಹದಿನೇಳು ವರ್ಷದ ಪ್ರವಾಸದ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆದೆ. ಡೀಸೆಲ್ ಎಷ್ಟು, ಹೊರಟದ್ದೆಷ್ಟಕ್ಕೆ, ಟೈರಿನ ಗಾಳಿ ಎಷ್ಟು, ಎಲ್ಲ ಇದೆ. ಪ್ರತಿ ಪುಟದ ಕೊನೆಗೆ 'ಸಹಚಾಲಕಿ ಹಾಜರು' ಎಂದಿದೆ. ಒಂದು ಕಡೆಯಾದರೂ ಹೆಸರಿದೆಯೇ ಎಂದು ನೋಡಿದೆ. ಒಂದು ಕಡೆ ಇತ್ತು, ಅವಳೇ ಬರೆದದ್ದು: 'ಸಹಚಾಲಕಿಗೆ ಇವತ್ತು ಹುಟ್ಟುಹಬ್ಬ. ಇತಿ ನೋರೀನ್.'

ಜುಲೈ 3, ಬುಧವಾರ

ಬೆಳಿಗ್ಗೆ ಕಡಲಗಾಳಿ ಜೋರಾಗಿತ್ತು. ವಿಲ್ಮಾಳ ಸಕ್ಕರೆ ಡಬ್ಬಿ ಉರುಳಿ ಆ ಕಾಗದ ಹಾರಿಬಂದು ನನ್ನ ಗಾಲಿಗೆ ಅಂಟಿಕೊಂಡಿತು. ನಾನು ಕದ್ದು ನೋಡಲಿಲ್ಲ. ತಾನಾಗಿ ಬಂತು.

ಮೇಲೆ 'ಒಂದನೇ ನಂಬರು: ಬೆಳಗಿನ ಪಾಳಿ' ಎಂದಿತ್ತು. ಜೂನ್ 25ರಿಂದ ಪ್ರತಿ ದಿನಕ್ಕೂ ಹೆಸರುಗಳು. ತಂತಿ: ಯೂನಿಸ್. ಪೈಪುಗಳು: ಗಾರ್ನೆಟ್ (ನಾಯಿ ಕರೆದುಕೊಂಡು ಹೋಗುವುದು). ಮೆಟ್ಟಿಲು, ಆಂಟೆನಾ: ವಿಲ್ಮಾ. ರಾತ್ರಿಯೂಟ: ವಿಲ್ಮಾ. ಅವಳಿಗೆ ಆಗದ ದಿನಗಳಿಗೆ ಮೂರನೇ ನಂಬರು, ಒಂಬತ್ತನೇ ನಂಬರು. ಕೊನೆಯ ಸಾಲು: ಮಾತಾಡಿಸುವುದು, ಎಲ್ಲರೂ, ಸರದಿಯಂತೆ. ಅದರ ಕೆಳಗೆ ಗಾರ್ನೆಟ್ಟಿನ ಅಕ್ಷರದಲ್ಲಿ: 'ಅವನಿಗೆ ಗೊತ್ತಾಗಬಾರದು. ಗೊತ್ತಾದರೆ ಸಭೆ ಕರೀತಾನೆ.'

ಪಟ್ಟಿಯಲ್ಲಿ ವೇಳೆಯ ಕಾಲಂ ಇಲ್ಲ. ಸಹಿಗೆ ಜಾಗವಿಲ್ಲ. ಹೀಗೆ ಪಟ್ಟಿ ಮಾಡಬಾರದು.

ಗಾಡಿಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಹನ್ನೊಂದು ನಿಮಿಷ. ಅವಳು ಹೋದ ಮೇಲೆ ಅತ್ತಿರಲಿಲ್ಲ.

ಹನ್ನೆರಡನೇ ನಿಮಿಷಕ್ಕೆ ಪತ್ರ ನೆನಪಾಯಿತು. ಕ್ಯಾಂಪಿನ ಕಛೇರಿಗೆ ಓಡಿದೆ. ಈ ವಯಸ್ಸಿನಲ್ಲಿ ಓಡಿದ್ದು ಇದೇ ಮೊದಲು. ಕಳಿಸಿದ ಇ-ಮೇಲನ್ನು ಹಿಂದಕ್ಕೆ ತರಲು ಬರುತ್ತದೆಯೇ ಎಂದು ಅಲ್ಲಿದ್ದವಳನ್ನು ಕೇಳಿದೆ.

"ಯಾವತ್ತು ಕಳ್ಸಿದ್ರಿ?"

"ಭಾನುವಾರ."

"ಅಯ್ಯೋ, ಅದು ಹೋಗಿ ಅಲ್ಲಿ ಮಲ್ಗಿ ಎದ್ದಾಗಿದೆ ಬಿಡಿ" ಎಂದಳು.

ಜುಲೈ 4, ಗುರುವಾರ

ಕಂಪನಿಯ ಉತ್ತರ ಬಂತು. ನನ್ನ ಮೇಲೆ ಈವರೆಗೆ ಯಾವ ಸದಸ್ಯರಿಂದಲೂ ಯಾವ ದೂರೂ ಬಂದಿಲ್ಲವಂತೆ. ಪಿಕ್ಟೂವಿನ ಸಂಗತಿ ನನ್ನ ಪತ್ರದಿಂದಲೇ ತಿಳಿಯಿತಂತೆ, ನಕ್ಷೆ ಬಹಳ ಸ್ಪಷ್ಟವಾಗಿತ್ತಂತೆ. ಮುಂದಿನ ವರ್ಷದಿಂದ ದಂಪತಿಗಳ ನಿಯಮಕ್ಕೆ ವಿನಾಯಿತಿ ಇರುವುದಿಲ್ಲ. ಇಷ್ಟು ವರ್ಷದ ಸೇವೆಗೆ ವಂದನೆಗಳು.

ಸಂಜೆಯ ಸಭೆಯಲ್ಲಿ ಅವರ ಉತ್ತರವನ್ನೂ ನನ್ನ ಆರು ಪುಟಗಳನ್ನೂ ಓದಿ ಹೇಳಿದೆ. ಮುಚ್ಚಿಟ್ಟುಕೊಳ್ಳುವುದು ಆಗಲಿಲ್ಲ. ಯೂನಿಸಳ ಬಗ್ಗೆ 'ಅಕಾರಣ ಕಾಫಿ' ಎಂದು ಬರೆದಿದ್ದ ಜಾಗದಲ್ಲಿ ಕಾಗದ ಕೆಳಗಿಟ್ಟೆ. ಅವಳೇ "ಮುಂದೆ ಓದಿ" ಎಂದಳು. ಓದಿದೆ. ಕ್ಷಮೆ ಕೇಳಿದೆ. ಗಾರ್ನೆಟ್ ಕೇಳಿದ.

"ಅಂದ್ರೆ ನಮ್ಮ ಮೇಲೆ ಚಾಡಿ ಹೇಳೋಕೆ ಹೋಗಿ, ನೀನೇ ನಿನ್ನ ಹಿಡ್ದು ಕೊಟ್ಯಾ?"

"ಹೌದು."

"ಕಂಬದ ಅಳತೆ ಸಮೇತ?"

"ಹೌದಯ್ಯ."

ಅವನು ಕುರ್ಚಿಯಿಂದ ಬೀಳುವಷ್ಟು ನಕ್ಕ. ವಿಲ್ಮಾ ಅವನ ಬೆನ್ನಿಗೊಂದು ಗುದ್ದಿ, ನನ್ನ ಕಡೆ ನೋಡಿ, "ಎರಡೇ ಪುಟ ಬರೀಬೇಕಿತ್ತು ಕಣ್ರೀ. ಕಂಬದ ವಿಷ್ಯ ನಾಲ್ಕನೇ ಪುಟದಲ್ಲಿತ್ತು ತಾನೇ?" ಎಂದಳು. ನೋರೀನಳ ಮಾತು ಇವಳ ಬಾಯಿಗೆ ಹೇಗೆ ಬಂತೋ.

ಕೆಲಸ ಹೋಯಿತು. ದುಃಖವಾಗಿದೆ. ಸೂಪಿನ ಉಳಿದ ಡಬ್ಬಿಗಳನ್ನು ಖಾಲಿ ಮಾಡಿದೆ.

ಜುಲೈ 6, ಶನಿವಾರ. ಕೊನೆಯ ಬೆಳಗು

ಸಭೆ ನಾಲ್ಕು ನಿಮಿಷ. ಏಳೂ ನಲವತ್ತಕ್ಕೆ ಹೊರಡೋದು, ಮಂಜಿದೆ, ದೀಪ ಹಾಕ್ಕೊಳ್ಳಿ ಎಂದೆ. ಎಲ್ಲರೂ ಬರೆದುಕೊಂಡರು. ಲಕೋಟೆಗಳನ್ನು ಕೊಟ್ಟರು. ಇನ್ನು ಅವುಗಳಿಂದ ಉಪಯೋಗವಿಲ್ಲ, ಆದರೂ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟೆ. ಪೆಟ್ಟಿಗೆಯನ್ನು ಹಿಂದಿನ ಕಪಾಟಿಗೆ ಹಾಕಿದೆ. ಸೀಟು ಖಾಲಿಯಾಗಿರಲಿ.

ಕಿಟಕಿ ಇಳಿಸಿ ಪಟ್ಟಿ ಓದಿದೆ. ಉತ್ತರಕ್ಕೆ ಕಾದೆ.

"ತಂತಿ?"

"ಬಿಚ್ಚಿ ಒಳಗಿಟ್ಟಿದೀನಿ, ಲೈಲ್" ಎಂದಳು ಯೂನಿಸ್ ಗಾಡಿಯ ಹಿಂದಿನಿಂದ. "ಮುಂದಿನ ವರ್ಷ ನನ್ನ ವ್ಯಾನು ಲ್ಯಾಬ್ರಡಾರ್ ಕಡೆ ಹೊರಡುತ್ತೆ. ಬಗ್ಗಿ ನೋಡೋಕೆ ನನಗೆ ಬರುತ್ತೆ, ಓದೋಕೆ ಬೇಜಾರು. ಯೋಚ್ನೆ ಮಾಡಿ."

ಯೋಚಿಸಿ ತಿಳಿಸುತ್ತೇನೆಂದೆ. ಪೈಪುಗಳಿಗೆ ಗಾರ್ನೆಟ್ ಉತ್ತರ ಕೊಟ್ಟ, ನಾಯಿಯೂ ಕೊಟ್ಟಿತು. ಹೀಗೆ ಇಪ್ಪತ್ತೊಂದರವರೆಗೆ ಬಂದೆ. ಬಾಯಿ ನಿಲ್ಲಲಿಲ್ಲ. ವಾಕಿಟಾಕಿಯ ಗುಂಡಿ ಬೆರಳಿನ ಕೆಳಗೆ ಒತ್ತಿಹೋಗಿತ್ತು.

"ಇಪ್ಪತ್ತೆರಡು. ಒಳಗಿದ್ದೀರಾ?"

ಯೂನಿಸ್, ಗಾರ್ನೆಟ್ ತಮ್ಮ ತಮ್ಮ ಗಾಡಿಗೆ ಓಡಿದರು. ಆಮೇಲೆ "ಎರಡು, ಹತ್ತಿದ್ದೀವಿ" ಎಂದು ಬಂತು. "ಮೂರು, ಹತ್ತಿದ್ದೀವಿ." ಹೀಗೆ ಹದಿನೈದರವರೆಗೆ, ಒಂದೂ ಬಿಡದೆ. ಚಾನಲ್ಲನ್ನು ಇಂಥದಕ್ಕೆ ಬಳಸಬಾರದು ಎಂದು ಕೈಪಿಡಿಯಲ್ಲಿ ನಾನೇ ಬರೆದಿದ್ದೇನೆ. ನೆನಪಿಸಲಿಲ್ಲ.

ದಾಖಲೆ: ಹೊರಟದ್ದು 8.10ಕ್ಕೆ, ಅರ್ಧ ಗಂಟೆ ತಡವಾಗಿ. ತಂತಿ ನೋಡಿದವರು ಯೂನಿಸ್ ಬಾರ್ಟ್ಲೆಟ್. ಪೈಪು ನೋಡಿದವರು ಗಾರ್ನೆಟ್ ಪೆನ್ನರ್. ಮೆಟ್ಟಿಲು, ಆಂಟೆನಾ ನೋಡಿದವರು ವಿಲ್ಮಾ ಪೆನ್ನರ್. ಇಪ್ಪತ್ತೆರಡು: ನೋರೀನ್ ಕೊವಾಲ್ಚಕ್ ಇಲ್ಲ. ಉಳಿದವರೆಲ್ಲ ಹತ್ತಿದ್ದಾರೆ.